ಕೊಸಾರಾ ಅಳೆದ ನಿದ್ದೆ

ಕೊಸಾರಾ ಮಿತಿಚ್ ಬೆಳಿಗ್ಗೆ ಆರಕ್ಕೆ ಎದ್ದು ಕಾಫಿ ಕುದಿಸಿ, ಗಂಡ ತಿಹೊಮಿರ್ ಮುಂದೆ ಒಂದು ಬಟ್ಟಲು ಇಟ್ಟು, ಐದು ನಿಮಿಷ ಮೇಜು ಅಲ್ಲಾಡಿಸಬೇಡ ಅಂತ ಎಚ್ಚರಿಸುತ್ತಾಳೆ. ಆಮೇಲೆ ಅಡುಗೆಮನೆ ಕಿಟಕಿ ಪಕ್ಕ ಕೂತು, ಕನ್ನಡಕ ಏರಿಸಿ, ಮರದ ಪೆಟ್ಟಿಗೆಯಲ್ಲಿರುವ ಹಳೇ ಮೀಟರಿನ ಮುಳ್ಳು ನೋಡುತ್ತಾಳೆ. ಮೀಟರಿನಿಂದ ಎರಡು ತಂತಿ ಹೊರಟು ಬೆಂಕಿಪೊಟ್ಟಣದಷ್ಟು ದೊಡ್ಡ ಹಸಿರು ಬೋರ್ಡೊಂದಕ್ಕೆ ಸೇರಿವೆ. ಮುಳ್ಳು ಎಲ್ಲಿ ನಿಂತಿದೆ ಅನ್ನೋದನ್ನು ಚೌಕಳಿ ಪುಸ್ತಕದಲ್ಲಿ ಬರೆದಿಡುತ್ತಾಳೆ. ಸಂಜೆ ಆರಕ್ಕೆ ಮತ್ತೆ ಅದೇ ಕೆಲಸ. ಹೀಗೆ ಹದಿನಾಲ್ಕು ದಿನ. ಸೆರ್ಬಿಯಾದ ನಿಶ್ ಊರಿನಲ್ಲಿ ಅವಳ ಬೀದಿಯವರನ್ನು ಕೇಳಿ ನೋಡಿ. ಪಾಪ, ಕಾರ್ಖಾನೆ ಮುಚ್ಚಿದ ಮೇಲೆ ಸ್ವಲ್ಪ ಹಾಗಾಗಿದ್ದಾಳೆ ಅನ್ನುತ್ತಾರೆ. ಬೀದಿಯವರಿಗೇನು ಗೊತ್ತು ಮಣ್ಣು!

ಅವಳು ಅಳೆಯುವುದು ನಿದ್ದೆಯನ್ನು. ಆ ಬೋರ್ಡಿನೊಳಗೆ ಪುಹ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಇದೆ. ಅದು ದೊಡ್ಡ ಕಂಪ್ಯೂಟರಿಗಲ್ಲ, ಫೋನಿಗೂ ಅಲ್ಲ. ಲೆಸ್ಕೊವಾತ್ಸ್ ಕಡೆ ಮೆಣಸಿನಕಾಯಿ ಹೊಲದ ಮಣ್ಣಿನಲ್ಲಿ, ಬಾವಿಗಳ ಒಳಗೋಡೆಯಲ್ಲಿ, ತೊರೆ ಸೇತುವೆಗಳ ಕೆಳಗೆ ಕೂತಿರುವ ಅಂಗೈ ಅಗಲದ ಯಂತ್ರಗಳಿಗೆ ಅದು ಬೇಕು. ಅವಕ್ಕೆ ಹೊರಗಿನ ಕರೆಂಟಿಲ್ಲ. ಕೋಟಿನ ಗುಂಡಿಯಂಥ ಒಂದು ಬ್ಯಾಟರಿಯಲ್ಲಿ ಐದು ವರ್ಷ ಬದುಕಬೇಕು. ಹೇಗೆ ಬದುಕೋದು? ಮಲಗಿ ಬದುಕೋದು. ಕಾಲು ಗಂಟೆಗೊಮ್ಮೆ ಕಣ್ಣು ಬಿಟ್ಟು, ಮಣ್ಣು ಒದ್ದೆಯೋ ಒಣಗಿದೆಯೋ ನೋಡಿ, ರೇಡಿಯೋದಲ್ಲಿ ಒಂದು ಮಾತು ಉಸುರಿ ಮತ್ತೆ ಮಲಗಬೇಕು. ಕುಂಭಕರ್ಣನಾದರೂ ಆರು ತಿಂಗಳಿಗೊಮ್ಮೆ ಎದ್ದು ಊಟಕ್ಕೆ ಕೂರುತ್ತಿದ್ದ; ಇವಕ್ಕೆ ಐದು ವರ್ಷಕ್ಕೆ ಒಂದೇ ಊಟ. ಅವನ್ನು ಮಲಗಿಸುವುದೂ ಎಬ್ಬಿಸುವುದೂ ಪುಹ್ ಕೆಲಸ. ಪುಹ್ ಅಂದರೆ ನಮ್ಮ ಕಾಡುಗಳಲ್ಲಿ ಇಲಿಗೂ ಅಳಿಲಿಗೂ ನಡುವೆ ಇರುವ ಒಂದು ಪ್ರಾಣಿ, ವರ್ಷದಲ್ಲಿ ಏಳು ತಿಂಗಳು ಗೊರಕೆ ಹೊಡೆಯುತ್ತೆ. ಹೆಸರಿಟ್ಟವನು ವೆಲಿಮಿರ್ ಅಂತ, ಊರಿನ ತಾಂತ್ರಿಕ ಕಾಲೇಜಿನ ಮೇಷ್ಟ್ರು. ಬರೆಯುವವರು ಮಾತ್ರ ಹತ್ತಾರು ದೇಶದ ನಲವತ್ತು ಜನ. ಸಂಬಳ ಯಾರಿಗೂ ಇಲ್ಲ. ಬರೆದದ್ದೆಲ್ಲ ಬಯಲಲ್ಲಿ ಇರುತ್ತೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಮ್ಮ ಯಂತ್ರಕ್ಕೆ ಹಾಕಿಕೊಳ್ಳಬಹುದು. ಕೇಳುವವರಿಲ್ಲ, ತಡೆಯುವವರಿಲ್ಲ.

ತಡೆಯುವವಳು ಒಬ್ಬಳಿದ್ದಾಳೆ, ಕೊಸಾರಾ. ಹೊಸ ಪುಹ್ ಸಿದ್ಧವಾದಾಗಲೆಲ್ಲ ಅವಳು ಅದನ್ನು ತನ್ನ ಬೋರ್ಡಿಗೆ ಹಾಕಿಸಿಕೊಂಡು ಹದಿನಾಲ್ಕು ದಿನ ಮುಳ್ಳು ನೋಡುತ್ತಾಳೆ. ಕೊನೆಗೆ ವೆಲಿಮಿರ್‌ಗೆ ಫೋನ್ ಮಾಡಿ ಒಂದು ಮಾತು ಹೇಳುತ್ತಾಳೆ: ಮಲಗಿದೆ. ಅದನ್ನು ಅವನು ಆ ನಲವತ್ತೂ ಜನಕ್ಕೆ ಒಟ್ಟಿಗೆ ತಲುಪುವ ಇಮೇಲ್ ಪಟ್ಟಿಯಲ್ಲಿ ಬರೆಯುತ್ತಾನೆ, ಕೆಳಗೆ 'ಅಳೆದವರು: ಕೊಸಾರಾ ಮಿತಿಚ್' ಅಂತ ಹಾಕುತ್ತಾನೆ, ಆಮೇಲೇ ಅದು ಲೋಕಕ್ಕೆ ಹೋಗುವುದು. ಹತ್ತು ವರ್ಷದಿಂದ ಹೀಗೇ ನಡೆದಿದೆ.

ಇದು ಅವಳಿಗೆ ಒಲಿದು ಬಂದದ್ದು ನೆಲ ಒರೆಸುವಾಗ. ಹತ್ತೊಂಬತ್ತಕ್ಕೆ ಅವಳು ರೇಡಿಯೋ ಕಾರ್ಖಾನೆ ಸೇರಿದ್ದಳು. ಬಿಳಿ ಕೋಟು ಹಾಕಿಕೊಂಡು ಇಪ್ಪತ್ತನಾಲ್ಕು ವರ್ಷ ಅಳತೆ ಮೇಜಿನಲ್ಲಿ ಕೂತಿದ್ದಳು. ಕಾರ್ಖಾನೆ ಮುಚ್ಚಿತು. ಸಾಮಾನೆಲ್ಲ ತೂಕಕ್ಕೆ ಹೋಗುವಾಗ ಆ ಮರದ ಪೆಟ್ಟಿಗೆಯ ಮೀಟರನ್ನು ಅವಳು ಬಗಲಲ್ಲಿ ಎತ್ತಿಕೊಂಡು ಬಂದಳು. ತಡೆಯುವ ಧೈರ್ಯ ಯಾರಿಗೂ ಆಗಲಿಲ್ಲ. ಆಮೇಲೆ ಕಾಲೇಜಿನಲ್ಲಿ ಕಸ ಗುಡಿಸುವ ಕೆಲಸ. ಒಂದು ದಿನ ಪ್ರಯೋಗಾಲಯದಲ್ಲಿ ವೆಲಿಮಿರ್ ಇಬ್ಬರು ವಿದ್ಯಾರ್ಥಿಗಳ ಜೊತೆ ತಲೆ ಕೆಡಿಸಿಕೊಂಡು ನಿಂತಿದ್ದ. ಬೋರ್ಡು ಮಲಗುತ್ತಿಲ್ಲ, ಪ್ರೋಗ್ರಾಮಿನಲ್ಲಿ ತಪ್ಪು ಎಲ್ಲಿದೆಯೋ ಸಿಗುತ್ತಿಲ್ಲ. ಕೊಸಾರಾ ಕೋಲು ಗೋಡೆಗೆ ಆನಿಸಿ ಸ್ವಲ್ಪ ಹೊತ್ತು ನೋಡಿದಳು.

"ಬೆರಳು ತೆಗೀರಿ ಮೇಷ್ಟ್ರೇ," ಅಂದಳು. "ನೀವು ಅಳೀತಿರೋದು ಯಂತ್ರಾನಲ್ಲ, ನಿಮ್ಮ ಬೆವರನ್ನ."

ವೆಲಿಮಿರ್ ತಂತಿಯ ತುದಿಯಿಂದ ಬೆರಳು ತೆಗೆದ. ಬೋರ್ಡು ಮಲಗಿತು. ಅವನೂ ದೊಡ್ಡ ಮನುಷ್ಯ ಕಣ್ರೀ, ಬೇರೆಯವನಾಗಿದ್ದರೆ ನಿನ್ನ ಕೆಲಸ ನೀನು ನೋಡು ಅಂತಿದ್ದ. ಇವನು ಕುರ್ಚಿ ಎಳೆದು, ಕೂತ್ಕೊಳ್ಳಿ ಚಿಕ್ಕಮ್ಮ ಅಂದ. ನಲವತ್ತಮೂರಕ್ಕೆ ಬಿಳಿ ಕೋಟು ಕಳಚಿದ ಮೇಲೆ ಅವಳ ಮಾತಿಗೆ ಯಾರಾದರೂ ಕುರ್ಚಿ ಎಳೆದದ್ದು ಅದೇ ಮೊದಲು. ಆವತ್ತು ಮನೆಗೆ ಬಂದು ಅತ್ತುಬಿಟ್ಟಳಂತೆ, ತಿಹೊಮಿರ್ ಹೇಳುತ್ತಾನೆ. ಅವಳನ್ನು ಕೇಳಿದರೆ ಈರುಳ್ಳಿ ಹೆಚ್ಚುತ್ತಿದ್ದೆ ಅನ್ನುತ್ತಾಳೆ.

ಗುಣವೆಲ್ಲ ಬಂಗಾರವೇ ಅಂತ ನಾನು ಹೇಳುವುದಿಲ್ಲ. ಬಾಯಿ ಜೋರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ. ಇನ್ನೊಬ್ಬರ ಮೀಟರ್ ಕಂಡರೆ ಮೂಗು ಮುರಿಯುತ್ತಾಳೆ, ಸಂತೆಯಲ್ಲಿ ಸಿಗೋ ಪ್ಲಾಸ್ಟಿಕ್ಕು ಅನ್ನುತ್ತಾಳೆ. ಪಟ್ಟಿಯಲ್ಲಿ ಕೆಲವರಿಗೆ, ಅದರಲ್ಲೂ ಫಿನ್ಲೆಂಡಿನ ಒಬ್ಬನಿಗೆ, ಈ ಏರ್ಪಾಡೇ ಹಿಡಿಸಿರಲಿಲ್ಲ. ಒಂದು ಅಜ್ಜಿ ಮುಳ್ಳು ನೋಡುವ ತನಕ ನಾವೆಲ್ಲ ಯಾಕೆ ಕಾಯಬೇಕು, ತಾನೇ ಅಳೆದು ತಾನೇ ಬರೆಯುವ ಯಂತ್ರವನ್ನು ನಮ್ಮ ಪ್ರಯೋಗಾಲಯದಲ್ಲಿ ಇಡುತ್ತೇನೆ ಅಂತ ಅವನು ವರ್ಷಕ್ಕೆರಡು ಸಲ ಬರೆಯುತ್ತಿದ್ದ. ವೆಲಿಮಿರ್ ಪ್ರತಿ ಸಲವೂ ಒಂದೇ ಉತ್ತರ ಕೊಡುತ್ತಿದ್ದ: ಇಷ್ಟು ವರ್ಷದಲ್ಲಿ ಅವರು ಒಮ್ಮೆಯೂ ತಪ್ಪಿಲ್ಲ. ಕೊಸಾರಾಗೆ ಇದೆಲ್ಲ ಗೊತ್ತಿತ್ತು. ತಪ್ಪಿದ ದಿನ ತನ್ನ ಕುರ್ಚಿ ಹೋಗುತ್ತೆ ಅನ್ನೋದೂ ಗೊತ್ತಿತ್ತು.

ಹೋದ ವರ್ಷ ಸೆಪ್ಟೆಂಬರಿನಲ್ಲಿ, ಬೀದಿಯಲ್ಲೆಲ್ಲ ಮೆಣಸಿನಕಾಯಿ ಸುಡುವ ವಾಸನೆ ಎದ್ದಿದ್ದಾಗ, ಹೊಸ ಪುಹ್ ಬಂತು. ಅದರಲ್ಲಿ ದೊಡ್ಡ ಬದಲಾವಣೆ ಒಂದೇ, ನಿದ್ದೆಯ ಗಡಿಯಾರ. ಯಾವಾಗ ಮಲಗಬೇಕು, ಯಾವಾಗ ಏಳಬೇಕು ಅನ್ನುವ ಆ ಭಾಗವನ್ನು ಪೂರ್ತಿ ಕೆಡವಿ ಕಟ್ಟಿದವಳು ಜೋರ್ನಿತ್ಸಾ. ಗಡಿಯಾಚೆ ಬಲ್ಗೇರಿಯಾದ ವ್ರಾತ್ಸಾ ಊರಿನ ಮೂವತ್ತೊಂದರ ಹೆಂಗಸು. ಹಗಲೆಲ್ಲ ಆಫೀಸು, ಸಂಜೆಗಳೆಲ್ಲ ಈ ಗಡಿಯಾರ. ಆರು ತಿಂಗಳು ಹಿಡಿದಿತ್ತು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು ಅಂತ ವೆಲಿಮಿರ್ ಬಾಯ್ತುಂಬ ಹೊಗಳಿದ್ದ.

ಹೊಸದಕ್ಕೆ ಬೋರ್ಡಿನಲ್ಲಿ ಒಂದು ತಂತಿ ಹೆಚ್ಚಿಗೆ ಬೇಕಿತ್ತು. ಕೊಸಾರಾ ಕೂತು ಬೆಸುಗೆ ಹಾಕಿದಳು. ಬೆಸುಗೆಯ ಅಂಟನ್ನು ತೊಳೆಯುವುದು ಅವಳ ಕಾರ್ಖಾನೆ ಕಾಲದ ಪದ್ಧತಿಯಲ್ಲೇ. ಆಗ ತೊಳೆಯಲು ಬರುತ್ತಿದ್ದ ಸ್ಪಿರಿಟ್ ಅರ್ಧ ಯಾರ್ಯಾರದೋ ಹೊಟ್ಟೆ ಸೇರುತ್ತಿತ್ತು. ಅಳತೆ ಮೇಜಿನ ಹೆಂಗಸರು ಮನೆಯಲ್ಲಿ ಇಳಿಸಿದ ಹಣ್ಣಿನ ಸಾರಾಯಿ ರಾಕಿಯಾ ತಂದು ಬೋರ್ಡು ತೊಳೆಯುತ್ತಿದ್ದರು. ಕುಡಿಯುವ ರಾಕಿಯಾ ಅಲ್ಲ, ಭಟ್ಟಿ ಇಳಿಸುವಾಗ ಮೊದಮೊದಲು ತೊಟ್ಟಿಕ್ಕುವುದು. ಅದನ್ನು ಕುಡಿದರೆ ಕಣ್ಣೇ ಹೋಗುತ್ತೆ, ಆದರೆ ಬೋರ್ಡು ಕನ್ನಡಿಯಾಗುತ್ತೆ. ಅವಳ ಮನೆಯಲ್ಲಿ ಇವತ್ತಿಗೂ ಅದರದೊಂದು ಕಂದು ಸೀಸೆ ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ಇರುತ್ತೆ. ಹತ್ತಿ ಅದ್ದಿ ಒರೆಸಿದಳು, ಒಣಗಿಸಿದಳು, ಮೀಟರಿಗೆ ಕಟ್ಟಿದಳು.

ಮುಳ್ಳು ಎರಡರ ಹತ್ತಿರ ನಿಲ್ಲಬೇಕಿತ್ತು. ಎಂಟಕ್ಕೆ ಹೋಗಿ ನಿಂತಿತು.

ಎರಡು, ಎಂಟು ಅಂದರೆ ಮೈಕ್ರೋ ಆಂಪಿಯರ್. ಬಲ್ಬು ಉರಿಸುವ ಕರೆಂಟಿನ ಮುಂದೆ ಧೂಳಿನ ಕಣ. ಆದರೆ ಆ ಆರು ಕಣ ಹೆಚ್ಚಾದರೆ ಐದು ವರ್ಷದ ಬ್ಯಾಟರಿ ಎರಡಕ್ಕೇ ಸತ್ತುಹೋಗುತ್ತೆ. ಬಾವಿಯೊಳಗೆ ಇಳಿದು ಬದಲಾಯಿಸುವವರು ಯಾರು? ಕೊಸಾರಾ ನಾಲ್ಕು ದಿನ ನೋಡಿದಳು. ಬೆಳಿಗ್ಗೆ ಎಂಟು, ಒಂಬತ್ತು. ಸಂಜೆ ಏಳು, ಎಂಟು. ಐದನೇ ದಿನ ವೆಲಿಮಿರ್‌ಗೆ ಫೋನ್ ಮಾಡಿ ಮಲಗುತ್ತಿಲ್ಲ ಅಂದಳು.

ಜೋರ್ನಿತ್ಸಾ ಪಟ್ಟಿಯಲ್ಲಿ ಮರ್ಯಾದೆಯಿಂದಲೇ ಬರೆದಳು. ನನ್ನ ಬೋರ್ಡಿನಲ್ಲಿ ಎರಡೇ ತೋರಿಸುತ್ತಿದೆ. ದಯವಿಟ್ಟು ಹಳೇ ಪುಹ್ ಅನ್ನು ಅದೇ ಬೋರ್ಡಿಗೆ ಮತ್ತೆ ಹಾಕಿ ಒಮ್ಮೆ ಅಳೆದು ನೋಡುತ್ತೀರಾ ಅಂತ. ನ್ಯಾಯವಾದ ಮಾತು. ಕಾರ್ಖಾನೆಯಲ್ಲಿ ಹೊಸಬರಿಗೆ ಮೊದಲ ದಿನ ಕೊಸಾರಾ ತಾನೇ ಕಲಿಸುತ್ತಿದ್ದ ಪಾಠ ಅದು: ಕೆಟ್ಟದ್ದನ್ನು ಅಳೆಯುವ ಮುಂಚೆ ಒಳ್ಳೆಯದನ್ನು ಅಳೆ. ಆದರೆ ಹೇಳಿದವಳು ಚಿಕ್ಕವಳು ನೋಡಿ, ಕೊಸಾರಾಗೆ ಮೂಗಿನ ತುದಿಗೆ ಸಿಟ್ಟು ಬಂತು. ಹಳೇದರ ಅಳತೆ ನನ್ನ ಪುಸ್ತಕದಲ್ಲಿದೆ, ಒಂದೂ ಮುಕ್ಕಾಲು, ಜುಲೈ ತಿಂಗಳದ್ದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೇ ಬರೀರಿ ಅಂತ ವೆಲಿಮಿರ್‌ಗೆ ಹೇಳಿದಳು. ವೆಲಿಮಿರ್ ಅದನ್ನು ಎಷ್ಟೇ ಮೆತ್ತಗೆ ಮಾಡಿ ಬರೆದರೂ ಚುಚ್ಚುವುದು ಚುಚ್ಚಿತು.

ಒಂಬತ್ತು ವರ್ಷ ತಪ್ಪದ ಮಾತು. ಎಲ್ಲರೂ ಕೊಸಾರಾ ಕಡೆ ನಿಂತರು. ಜನ ಜೋರ್ನಿತ್ಸಾ ಬರೆದ ಸಾಲು ಸಾಲನ್ನೂ ಕೆದಕಿದರು, ತಪ್ಪು ಸಿಗದೆ ಅವಳನ್ನೇ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರು. ಎರಡು ವಾರವಾದ ಮೇಲೆ ಗಡಿಯಾರವನ್ನು ಪೂರ್ತಿ ಕಿತ್ತು ಹಳೇದನ್ನು ಕೂರಿಸುವುದು ಅಂತ ತೀರ್ಮಾನವಾಯಿತು. ಜೋರ್ನಿತ್ಸಾ ಕೊನೆಗೆ ಎರಡೇ ಸಾಲು ಬರೆದಳು. ನಿಮ್ಮೆಲ್ಲರ ಹೊತ್ತು ಹಾಳು ಮಾಡಿದೆ, ಕ್ಷಮಿಸಿ. ಈ ಕೆಲಸಕ್ಕೆ ನಾನು ಸರಿಯಾದವಳಲ್ಲ ಅನಿಸುತ್ತೆ. ಆಮೇಲೆ ಅವಳ ಹೆಸರು ಪಟ್ಟಿಯಲ್ಲಿ ಕಾಣಲೇ ಇಲ್ಲ.

ವೆಲಿಮಿರ್ ಆ ಸಾಲುಗಳನ್ನು ಫೋನಿನಲ್ಲಿ ಓದಿ ಹೇಳಿದ. ಸಂಜೆ ಕೊಸಾರಾ ಗಂಡನ ಹತ್ತಿರ, ಅಷ್ಟಕ್ಕೇ ಬಿಟ್ಟು ಹೋಗೋದಾ, ನಮ್ಮ ಕಾಲದಲ್ಲಿ ನಾವು ಎಷ್ಟು ಬೈಸಿಕೊಂಡಿಲ್ಲ ಅಂತ ಎರಡು ಸಲ ಅಂದಳು. ಎರಡನೇ ಸಲ ಅಂದಾಗ ದನಿ ಸ್ವಲ್ಪ ತಗ್ಗಿತ್ತು.

ಬೋರ್ಡನ್ನು ಅವಳು ಬಿಚ್ಚಿರಲಿಲ್ಲ. ಹೊಸ ಪುಹ್ ಅದರಲ್ಲೇ ಇತ್ತು. ಮಾರನೇ ವಾರ ಒಂದು ಮಧ್ಯಾಹ್ನ, ಉಪ್ಪಿನಕಾಯಿ ಭರಣಿಗಳಿಗೆ ಜಾಗ ಮಾಡಲು ಮೇಜು ಸರಿಸುತ್ತಿದ್ದಳು. ಕಟ್ಟಿಗೆ ಒಲೆ ನಿಗಿನಿಗಿ ಉರಿಯುತ್ತಿತ್ತು, ಅಡುಗೆಮನೆ ಬೆಚ್ಚಗಿತ್ತು. ಹಾಗೇ ಕಣ್ಣು ಮೀಟರಿನ ಮೇಲೆ ಬಿತ್ತು. ಮುಳ್ಳು ಮೂರಕ್ಕೆ ಇಳಿದಿತ್ತು.

ಭರಣಿ ಕೆಳಗಿಟ್ಟಳು. ಮಧ್ಯಾಹ್ನ ಯಾವತ್ತೂ ಅವಳು ನೋಡಿದವಳಲ್ಲ. ಬೆಳಿಗ್ಗೆ ಆರು, ಸಂಜೆ ಆರು, ಅಷ್ಟೇ ಪದ್ಧತಿ. ಬೆಳಗಿನ ಥಂಡಿಯಲ್ಲಿ ಒಂಬತ್ತು, ಬೆಚ್ಚಗಿನ ಮಧ್ಯಾಹ್ನ ಮೂರು. ಪ್ರೋಗ್ರಾಮಿಗೆ ಥಂಡಿಯೋ ಸೆಕೆಯೋ ಏನು ಗೊತ್ತಾಗುತ್ತೆ? ಬೋರ್ಡಿಗೆ ಗೊತ್ತಾಗುತ್ತೆ. ಇಪ್ಪತ್ತನಾಲ್ಕು ವರ್ಷ ಆ ಮೇಜಿನಲ್ಲಿ ಕೂತವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಕನ್ನಡಕ ಹಾಕಿಕೊಂಡು, ಭೂತಗನ್ನಡಿ ತಂದು ಬಗ್ಗಿ ನೋಡಿದಳು. ತಾನು ಬೆಸುಗೆ ಹಾಕಿದ ತಂತಿಯ ಬುಡದಲ್ಲಿ ಮೂರು ಇರುವೆ.

ಬೆರಳಿಂದ ಮುಟ್ಟಿದಳು, ಅಂಟು ಅಂಟು. ಬೆರಳನ್ನು ನಾಲಿಗೆಗೆ ಮುಟ್ಟಿಸಿದಳು. ಜೇನು.

"ತಿಹೊಮಿರ್," ಅಂದಳು. ಕೂಗಲಿಲ್ಲ. ಕೂಗಿದ್ದರೆ ಅವನಿಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. "ತೊಟ್ಟಿ ಕೆಳಗಿನ ಸೀಸೆಗೆ ಏನು ಹಾಕಿದ್ದೆ?"

ತಿಹೊಮಿರ್ ರೈಲ್ವೆಯಲ್ಲಿ ಮೂವತ್ತೈದು ವರ್ಷ ಸಿಗ್ನಲ್ ನೋಡಿಕೊಂಡವನು, ಸುಳ್ಳು ಹೇಳಿ ಅಭ್ಯಾಸವಿಲ್ಲ. ಬಾಗಿಲಲ್ಲಿ ನಿಂತು ಮೊಣಕಾಲು ಸವರಿಕೊಂಡ. ಬೇಸಿಗೆಯಿಡೀ ಆ ಮೊದಲ ರಾಕಿಯಾವನ್ನು ಮಂಡಿನೋವಿಗೆ ತಿಕ್ಕಿಕೊಂಡು ಮುಗಿಸಿಬಿಟ್ಟಿದ್ದನಂತೆ. ಬೈಯುತ್ತೀಯ ಅಂತ ಹೆದರಿ, ತಂಗಿ ಕಳಿಸಿದ್ದ ಇನ್ನೊಂದು ಸೀಸೆಯಿಂದ ತುಂಬಿಸಿಟ್ಟನಂತೆ. ಜೇನು ಹಾಕಿದ ರಾಕಿಯಾ. ರಾಕಿಯಾ ತಾನೇ, ಎಲ್ಲಾ ಒಂದೇ ಅಂದುಕೊಂಡನಂತೆ. ಕೊಸಾರಾಗೆ ಕೊರೋನಾ ಬಂದು ಹೋದಾಗಿಂದ ಮೂಗು ಅಷ್ಟಕ್ಕಷ್ಟೇ, ವಾಸನೆ ಹಿಡಿಯಲಿಲ್ಲ. ಸೀಸೆ ಕಂದು, ಬಣ್ಣವೂ ತಿಳಿಯಲಿಲ್ಲ. ಬೋರ್ಡಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಜೇನು ಬಳಿದು, ಅದು ಬೆಳಗಿನ ತೇವ ಹೀರಿ ಕರೆಂಟನ್ನು ಸೋರಿಸುತ್ತಿತ್ತು. ಅದನ್ನು ಅಳೆದು ಅವಳು ಇನ್ನೊಬ್ಬಳ ಆರು ತಿಂಗಳನ್ನು ಕಸದ ಬುಟ್ಟಿಗೆ ಹಾಕಿಸಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದರೆ ಇದೇ.

ತಿಹೊಮಿರ್‌ಗೆ ಬೈಗುಳ ಬೀಳಲಿಲ್ಲ. ಅವಳು ಔಷಧಿ ಅಂಗಡಿಗೆ ಹೋಗಿ ಒಳ್ಳೇ ಸ್ಪಿರಿಟ್ ತಂದು, ಬೋರ್ಡನ್ನು ಮೂರು ಸಲ ತೊಳೆದು, ಒಲೆಯ ಪಕ್ಕ ಒಣಗಿಸಿ ಕಟ್ಟಿದಳು. ಎರಡು. ಜೋರ್ನಿತ್ಸಾ ಹೇಳಿದ ಎರಡು. ಮುಳ್ಳು ಅಲ್ಲೇ ನಿಂತುಬಿಟ್ಟಿತು, ಕೊಸಾರಾ ಅದರ ಮುಂದೆ ಕೂತುಬಿಟ್ಟಳು.

ಗಂಡ ಮೆಲ್ಲಗೆ ಬಂದು ಪಕ್ಕ ನಿಂತ. "ತೊಳೆದಾಯ್ತಲ್ಲ," ಅಂದ. "ಈಗ ಮಲಗಿದೆ ಅಂತ ಹೇಳ್ಬಿಡು. ಯಾರಿಗೆ ಗೊತ್ತಾಗುತ್ತೆ?"

ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅದು ನಿಜ. ಇನ್ನೊಂದು ಬೋರ್ಡಿನಲ್ಲಿ ನೋಡಿದೆ, ಸರಿಹೋಗಿದೆ ಅಂದಿದ್ದರೆ ವೆಲಿಮಿರ್ ಖುಷಿಯಿಂದ ಒಪ್ಪುತ್ತಿದ್ದ. ಗಡಿಯಾರವೂ ವಾಪಸು ಬರುತ್ತಿತ್ತು, ಕುರ್ಚಿಯೂ ಉಳಿಯುತ್ತಿತ್ತು. ಆದರೆ ವ್ರಾತ್ಸಾದಲ್ಲಿ ಒಬ್ಬಳು ತಾನು ಸರಿಯಾದವಳಲ್ಲ ಅಂದುಕೊಂಡೇ ಕೂತಿರುತ್ತಿದ್ದಳು. ಕಾರ್ಖಾನೆ ಬಾಗಿಲು ಹಾಕಿದ ವರ್ಷ ಕೊಸಾರಾ ಕೂಡ ಹಾಗೇ ಕೂತಿದ್ದವಳು. ತಾನು ಏನೋ ತಪ್ಪು ಮಾಡಿರಬೇಕು, ಅದಕ್ಕೇ ತೆಗೆದುಹಾಕಿದರು ಅಂತ ತಿಂಗಳುಗಟ್ಟಲೆ ಹುಡುಕಿದ್ದಳು. ಇಲ್ಲ, ನಿನ್ನ ತಪ್ಪೇನೂ ಇರಲಿಲ್ಲ ಅಂತ ಒಬ್ಬರೂ ಬಂದು ಹೇಳಿರಲಿಲ್ಲ. ಅವಳು ಫೋನ್ ಎತ್ತಿಕೊಂಡಳು.

ವೆಲಿಮಿರ್ ಪೂರ್ತಿ ಕೇಳಿಸಿಕೊಂಡ. ಆಮೇಲೆ, ಬೋರ್ಡಿನ ಮೇಲೆ ಏನೋ ಕೊಳೆ ಇತ್ತು ಅಂತ ಬರೆಯೋಣ ಚಿಕ್ಕಮ್ಮ, ಅಷ್ಟು ಸಾಕು ಅಂದ. ಪಾಪ, ಅವಳನ್ನು ಉಳಿಸಿಕೊಳ್ಳುವ ಆಸೆ ಅವನಿಗೆ.

"ಕೊಳೆ ಅಲ್ಲ ಮೇಷ್ಟ್ರೇ," ಅಂದಳು ಕೊಸಾರಾ. "ಜೇನು ಅಂತ ಬರೀರಿ. ರಾಕಿಯಾ ಅಂತ ಬರೀರಿ. ಆ ಹುಡುಗಿ ಹಳೇದನ್ನ ಇನ್ನೊಂದ್ಸಲ ಅಳೀರಿ ಅಂದ್ಲು, ಕೊಸಾರಾ ಜಂಬದಲ್ಲಿ ಅಳೀಲಿಲ್ಲ ಅಂತ ಬರೀರಿ. ಅವಳ ಕೆಲಸದಲ್ಲಿ ಒಂದು ಚೂರೂ ತಪ್ಪಿರಲಿಲ್ಲ ಅನ್ನೋದು ಮೊದಲನೇ ಸಾಲಲ್ಲಿ ಬರಬೇಕು."

ಅವನು ಹಾಗೇ ಬರೆದ. ಎರಡು ದಿನ ಪಟ್ಟಿಯಲ್ಲಿ ನಗೆಹಬ್ಬ. ಚಿಲಿಯಿಂದ ಒಬ್ಬ ಆ ರಾಕಿಯಾ ಮಾಡುವ ಬಗೆ ಕೇಳಿದ. ಇನ್ನೊಬ್ಬ, ಪುಹ್ ನಿದ್ದೆ ಮಾಡದೆ ಇದ್ದದ್ದಲ್ಲ, ಅಮಲಿನಲ್ಲಿ ಹೊರಳಾಡುತ್ತಿತ್ತು ಅಂತ ಬರೆದ. ಯಾರದೂ ಕೆಟ್ಟ ನಗೆಯಲ್ಲ, ಆದರೂ ವೆಲಿಮಿರ್ ಓದಿ ಹೇಳುವಾಗ ಕೊಸಾರಾಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಫಿನ್ಲೆಂಡಿನವನು ಮಾತ್ರ ನಗಲಿಲ್ಲ. ಇನ್ನಾದರೂ ಯಂತ್ರ ಇಡೋಣವೇ ಅಂತ ಒಂದೇ ಸಾಲು ಹಾಕಿದ, ಹನ್ನೊಂದು ಜನ ಹೌದು ಅಂದರು. ಜೋರ್ನಿತ್ಸಾ ಕಡೆಯಿಂದ ಮಾತಿಲ್ಲ.

ಮೂರನೇ ದಿನ ಕೊಸಾರಾ ತಾನೇ ವೆಲಿಮಿರ್‌ಗೆ ಹೇಳಿದಳು, ನನ್ನ ಹೆಸರು ತೆಗೆದುಬಿಡಿ ಅಂತ. ತಳ್ಳಿಸಿಕೊಂಡು ಇಳಿಯುವುದಕ್ಕಿಂತ ತಾನೇ ಇಳಿಯುವುದು ವಾಸಿ. ಮೀಟರಿನ ಮೇಲೆ ಕಸೂತಿ ಬಟ್ಟೆ ಹೊದಿಸಿ ಬೀರುವಿನ ಮೇಲಿಟ್ಟಳು. ಬೆಳಿಗ್ಗೆ ಆರಕ್ಕೆ ಎಚ್ಚರವಾಗುತ್ತಿತ್ತು, ಮಾಡುವುದಕ್ಕೆ ಕೆಲಸವಿರುತ್ತಿರಲಿಲ್ಲ. ಕಾಫಿ ಬಟ್ಟಲು ಹಿಡಿದು ಖಾಲಿ ಮೇಜಿನ ಮುಂದೆ ಕೂರುತ್ತಿದ್ದಳು. ಆ ಒಂದು ವಾರ ಅವಳನ್ನು ನೋಡಿದವರ ಕರುಳು ಚುರುಕ್ ಅನ್ನುತ್ತಿತ್ತು. ತಿಹೊಮಿರ್ ಮಾತಾಡುವ ಧೈರ್ಯವಿಲ್ಲದೆ ಅಂಗಳದಲ್ಲಿ ಬೇಡದ ಸೌದೆಯನ್ನೂ ಒಡೆದು ಒಡೆದು ಪೇರಿಸಿದ.

ಶನಿವಾರ ಹನ್ನೊಂದು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ತೆಳ್ಳಗಿನ, ಕನ್ನಡಕದ ಹೆಂಗಸೊಬ್ಬಳು ಬೆನ್ನಿಗೆ ಚೀಲ ಹಾಕಿಕೊಂಡು ನಿಂತಿದ್ದಳು. ಸೋಫಿಯಾಕ್ಕೆ ಬಂದು ಅಲ್ಲಿಂದ ಬಸ್ಸು ಹಿಡಿದೆ, ಗಡಿಯಲ್ಲಿ ಒಂದು ಗಂಟೆ ನಿಲ್ಲಿಸಿದರು ಅಂದಳು. ನಮ್ಮ ಭಾಷೆ, ಅವರ ಭಾಷೆ ಅಕ್ಕ ತಂಗಿಯರು. ನಿಧಾನಕ್ಕೆ ಆಡಿದರೆ ಎಲ್ಲಾ ತಿಳಿಯುತ್ತೆ. ಹೆಸರು ಹೇಳುವ ಮುಂಚೆಯೇ ಕೊಸಾರಾಗೆ ಗೊತ್ತಾಯಿತು. ಬೈಸಿಕೊಳ್ಳುವುದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಒಳಗೆ ಕರೆದಳು. ಕಾಫಿ ಇಟ್ಟಳು, ಸಣ್ಣ ತಟ್ಟೆಯಲ್ಲಿ ಚೆರ್ರಿ ಹಣ್ಣಿನ ಸಿಹಿ, ಲೋಟದಲ್ಲಿ ನೀರು ಇಟ್ಟಳು. ಎದುರಿಗೆ ಕೂತು ಕೈ ಮಡಿಚಿಕೊಂಡಳು.

ಜೋರ್ನಿತ್ಸಾ ಒಂದು ಚಮಚ ಸಿಹಿ ತಿಂದು ನೀರು ಕುಡಿದಳು.

"ಮೂರು ವಾರ ನಿಮ್ಮನ್ನ ಬೈಕೊಂಡಿದೀನಿ ಚಿಕ್ಕಮ್ಮ," ಅಂದಳು. "ನಮ್ಮಮ್ಮನೂ ಬೈದಿದಾರೆ. ಅವರಿಗೆ ನೀವ್ಯಾರು ಅಂತಾನೂ ಗೊತ್ತಿಲ್ಲ."

"ಬೈಲಿ ಬಿಡು. ತಪ್ಪೇನಿಲ್ಲ," ಅಂದಳು ಕೊಸಾರಾ.

ಜೋರ್ನಿತ್ಸಾ ತಟ್ಟೆ ಪಕ್ಕಕ್ಕಿಟ್ಟಳು. ಆರು ವರ್ಷದಿಂದ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೇನೆ, ಎಷ್ಟೋ ಸಲ ಬೇರೆಯವರ ತಪ್ಪು ನನ್ನ ತಲೆ ಮೇಲೆ ಬಂದಿದೆ. ಇದು ನನ್ನ ತಪ್ಪು, ಅವಳದಲ್ಲ ಅಂತ ಒಬ್ಬರಾದರೂ ಅಂದದ್ದಿಲ್ಲ ಅಂದಳು. ನಿಮ್ಮ ಪತ್ರ ಓದಿ ಎಷ್ಟು ಅತ್ತೆ ಅಂದರೆ ಉತ್ತರ ಬರೆಯಲು ಕೂತು ಕೂತು ಎದ್ದುಬಿಟ್ಟೆ, ಅದಕ್ಕೇ ಬಂದೆ ಅಂದಳು. ಇಷ್ಟನ್ನೂ ತಲೆ ತಗ್ಗಿಸಿ ಮೇಜಿನ ಬಟ್ಟೆಗೇ ಹೇಳಿದಳು. ಆಮೇಲೆ ಚೀಲದಿಂದ ತನ್ನ ಬೋರ್ಡನ್ನು ತೆಗೆದು ಮೇಜಿನ ಮೇಲಿಟ್ಟಳು. ಹೊಸ ಗಡಿಯಾರ ಅದರಲ್ಲಿತ್ತು.

"ಅಳೀರಿ," ಅಂದಳು.

"ನಾನು ಬಿಟ್ಟೆ ಕಣಮ್ಮಾ. ಮೇಷ್ಟ್ರು ಹೇಳ್ಲಿಲ್ವಾ? ಯಂತ್ರ ಬರುತ್ತೆ."

"ಹೇಳಿದ್ರು. ಯಂತ್ರ ಬೇಕಾದ್ರೆ ಪಕ್ಕದಲ್ಲಿ ಅಳೀಲಿ. ಆದ್ರೆ ಅಳೆದವರು ಅನ್ನೋ ಕಡೆ ನಿಮ್ಮ ಹೆಸರಿಲ್ದೆ ನನ್ನ ಗಡಿಯಾರ ವಾಪಸ್ ಕೊಡಲ್ಲ ಅಂತ ಅವರಿಗೆ ಬರೆದಾಯ್ತು. ತಪ್ಪಿದ್ರೆ ಹೇಳೋರು ನೀವು. ಯಂತ್ರ ಹೇಳುತ್ತಾ?"

ಕೊಸಾರಾ ಎದ್ದು ಬೀರುವಿನ ಮೇಲಿಂದ ಮೀಟರ್ ಇಳಿಸಲು ಕೈ ಚಾಚಿದಳು. ತಿಹೊಮಿರ್ ಓಡಿ ಬಂದು ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರು ತುಂಬಿತ್ತು. ಬೈಸಿಕೊಳ್ಳದೆ ಉಳಿದ ತಪ್ಪು ಎಷ್ಟು ಭಾರ ಅನ್ನೋದು ಅವನಿಗೇ ಗೊತ್ತು. ಈ ಸಲ ಕೊಸಾರಾ ಮೊದಲು ಹಳೇ ಪುಹ್ ಇದ್ದ ಇನ್ನೊಂದು ಬೋರ್ಡನ್ನು ಅಳೆದಳು, ಬರೆದುಕೊಂಡಳು. ಆಮೇಲೆ ಜೋರ್ನಿತ್ಸಾಳ ಬೋರ್ಡನ್ನು ಔಷಧಿ ಅಂಗಡಿಯ ಸ್ಪಿರಿಟಿನಲ್ಲಿ ತೊಳೆದು ತಂತಿ ಕಟ್ಟಿದಳು. ಮೂವರೂ ಉಸಿರು ಹಿಡಿದು ಬಗ್ಗಿದರು. ಮುಳ್ಳು ಸ್ವಲ್ಪ ಓಲಾಡಿ ಎರಡರ ಹತ್ತಿರ ನಿಂತಿತು.

ಜೋರ್ನಿತ್ಸಾ ಮೊದಲ ಸಲ ನಕ್ಕಳು. ಮಲಗಿದೆ ಅಂತ ವೆಲಿಮಿರ್‌ಗೆ ಈಗಲೇ ಫೋನ್ ಮಾಡಿ, ನನ್ನ ಬಸ್ಸು ನಾಲ್ಕಕ್ಕೆ, ಅವರ ಖುಷಿಯನ್ನು ಕೇಳಿಸಿಕೊಂಡೇ ಹೋಗುತ್ತೇನೆ ಅಂದಳು. ತಿಹೊಮಿರ್ ಫೋನು ತಂದು ಹೆಂಡತಿಯ ಕೈಗೇ ಇಟ್ಟ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಖಂಡಿತ ಮಾಡಿಬಿಡುತ್ತಿದ್ದೆ. ಅಷ್ಟು ದೂರದಿಂದ ಬಂದವಳು, ಕುರ್ಚಿಯನ್ನು ವಾಪಸು ತಂದುಕೊಟ್ಟವಳು. ಒಂದು ಮಾತು ಹೇಳಿದರೆ ಏನು ಗಂಟು ಹೋಗುತ್ತೆ?

ಕೊಸಾರಾ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು.

"ಹದಿನಾಲ್ಕು ದಿನ ಆಗ್ಬೇಕು ಮಗಳೇ," ಅಂದಳು. ದನಿ ಮೆತ್ತಗಿತ್ತು, ಮಾತು ಮೆತ್ತಗಿರಲಿಲ್ಲ. "ಇವತ್ತಿನ ಮುಳ್ಳು ಇವತ್ತಿಂದು. ನಾಳೆ ಥಂಡಿ ಬೀಳುತ್ತೆ, ಗಾಳಿ ಬೀಸುತ್ತೆ. ಐದನೇ ದಿನವೋ ಹತ್ತನೇ ದಿನವೋ ಮೇಲೆ ಹೋಯ್ತು ಅಂದ್ರೆ ಮಲಗಿಲ್ಲ ಅಂತಾನೇ ಬರೆಸ್ತೀನಿ. ನೀನು ಬಂದಿದ್ದೆ, ನನ್ನ ಮನೇಲಿ ಕಾಫಿ ಕುಡಿದೆ ಅಂತ ನೋಡಲ್ಲ. ಬೇಜಾರು ಮಾಡ್ಕೋಬಾರ್ದು."

ಜೋರ್ನಿತ್ಸಾ ಅವಳ ಮುಖವನ್ನೇ ನೋಡಿದಳು.

"ಬೇಜಾರಾಗುತ್ತೆ ಚಿಕ್ಕಮ್ಮ," ಅಂದಳು. "ಆದ್ರೂ ಬರೆಸಿ."

ಕೊಸಾರಾ ಪುಸ್ತಕದಲ್ಲಿ ಹೊಸ ಹಾಳೆ ತಿರುವಿ ತಾರೀಕು ಹಾಕಿದಳು.